ಓದದೆ ಕೊಂಡ ಮನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಹೇಳಿದರು. ಕನ್ನಡದ ಮೇಷ್ಟರಾದ ನನಗೆ ಈ ಗಾದೆಯ 'ನೋಡು' ಎಂಬ ಮಾತಿನ ಮೇಲೆ ಬಹುಕಾಲದಿಂದ ಕಣ್ಣು. ವ್ಯಾಕರಣದ ಪ್ರಕಾರ ಅದು ಬರಿಯ ಸಹಾಯಕ ಕ್ರಿಯಾಪದ. ಮಾಡಿದರೆ ತಾನೆ ಕಷ್ಟ ತಿಳಿಯುವುದು ಎಂಬಷ್ಟೇ ಅದರ ಭಾವ. ಆದರೆ ಮನೆ ಕಟ್ಟಿಸಿದವನು ನಿಜವಾಗಿಯೂ ನೋಡುತ್ತಿದ್ದ. ತಳಪಾಯದ ಗುಂಡಿ ಎಷ್ಟು ಆಳ ಹೋಯಿತೆಂದು ನೋಡುತ್ತಿದ್ದ. ಸುಣ್ಣ ಅರೆಯುವುದನ್ನು, ಇಟ್ಟಿಗೆ ನೆನೆಹಾಕುವುದನ್ನು ನೋಡುತ್ತಿದ್ದ. ಗಾರೆಯವನು ಮಧ್ಯಾಹ್ನ ಮರದ ನೆರಳಿನಲ್ಲಿ ನಿದ್ದೆಹೋದದ್ದನ್ನೂ ನೋಡುತ್ತಿದ್ದ. ಮನೆ ಮುಗಿಯುವ ಹೊತ್ತಿಗೆ ಕೈ ಬರಿದಾಗಿ, ತಲೆ ನರೆತಿರುತ್ತಿತ್ತು, ನಿಜ. ಆದರೆ ಯಾವ ಗೋಡೆಯೊಳಗೆ ಏನಿದೆ ಎಂಬುದು ಅವನಿಗೆ ಗೊತ್ತಿರುತ್ತಿತ್ತು.

ಈಗ ನಾವು, ಅದರಲ್ಲೂ ಬೆಂಗಳೂರಿನವರು, ಮನೆ ಕಟ್ಟಿಸುವುದು ಕಡಮೆ. ಕಟ್ಟಿದ ಮನೆಯನ್ನು ಕೊಳ್ಳುತ್ತೇವೆ. ಕಟ್ಟಿದವನು ಬೇರೆ, ಕೊಂಡವನು ಬೇರೆ ಎಂದಮೇಲೆ ಹಿಂದೆ ಕಣ್ಣು ಮಾಡುತ್ತಿದ್ದ ಕೆಲಸವನ್ನು ಇಂದು ಓದು ಮಾಡಬೇಕು. ನನ್ನ ತಕರಾರು ಇರುವುದು ಇಲ್ಲಿಯೇ. ಬಿಸ್ಕತ್ತಿನ ಪೊಟ್ಟಣದ ಮೇಲಿನ ತಾರೀಖನ್ನು ಕನ್ನಡಕ ಸರಿಮಾಡಿಕೊಂಡು ಓದುವ ನಮ್ಮ ವಿದ್ಯಾವಂತರು, ಎಪ್ಪತ್ತು ಎಂಬತ್ತು ಲಕ್ಷದ ಮನೆಯನ್ನು ಕೊಳ್ಳುವಾಗ ಏನನ್ನೂ ಓದುವುದಿಲ್ಲ. ಜೀವಮಾನದ ದುಡಿಮೆಯನ್ನೂ ಮುಂದಿನ ಇಪ್ಪತ್ತು ವರ್ಷದ ದುಡಿಮೆಯನ್ನೂ ಒಂದು ಬಣ್ಣದ ಹಾಳೆಯ ಮಾತು ನಂಬಿ ಒಪ್ಪಿಸಿಬಿಡುತ್ತಾರೆ. ಆಮೇಲೆ ಮೋಸವಾಯಿತೆಂದು ಗೋಳಾಡುತ್ತಾರೆ. ಮೋಸ ಮಾಡುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಓದಲೊಲ್ಲದವನಿಗೆ ಮೋಸ ಮಾಡಲು ಹೆಚ್ಚಿನ ಜಾಣತನವೇನೂ ಬೇಕಾಗಿಲ್ಲ.

ಈ ಮಾತನ್ನು ನಾನು ಎತ್ತರದ ಪೀಠದ ಮೇಲೆ ಕುಳಿತು ಆಡುತ್ತಿಲ್ಲ. 2014ರಲ್ಲಿ ನಾನೂ ಹೀಗೆಯೇ ಒಂದು ಫ್ಲ್ಯಾಟು ಕೊಂಡವನು. ಕರಾರುಪತ್ರಕ್ಕೆ ಸಹಿ ಹಾಕುವ ದಿನ ನಮ್ಮ ಅತ್ತೆಯವರು ಪಂಚಾಂಗ ತಂದು ರಾಹುಕಾಲ ನೋಡಿದರು; ಹೆಂಡತಿ ಅಡಿಗೆಮನೆಯ ಕಟ್ಟೆ ಯಾವ ದಿಕ್ಕಿಗಿದೆ ಎಂದು ನೋಡಿದಳು; ಎಂ.ಎ. ಓದಿದ ನಾನು ಸಹಿ ಹಾಕುವ ಜಾಗ ಎಲ್ಲಿದೆ ಎಂದು ನೋಡಿದೆ. ಪತ್ರದಲ್ಲಿ 1250 ಚದರ ಅಡಿ ಎಂದಿತ್ತು. ಗೃಹಪ್ರವೇಶವಾಗಿ ಆರು ತಿಂಗಳ ಮೇಲೆ, ಬೀರು ಹಿಡಿಸದೆ ಹೋದಾಗ ಟೇಪು ಹಿಡಿದು ಅಳೆದೆ. ಗೋಡೆಯ ಒಳಗೆ ಸಿಕ್ಕಿದ್ದು 890. ಚದರ ಅಡಿಗೆ ನಾಲ್ಕು ಸಾವಿರದಂತೆ ಉಳಿದ 360 ಅಡಿಗೆ ನಾನು ತೆತ್ತದ್ದು ಹದಿನಾಲ್ಕು ಲಕ್ಷ ನಲವತ್ತು ಸಾವಿರ. ಅದರಲ್ಲಿ ಮೆಟ್ಟಿಲು, ಲಿಫ್ಟು, ಹೊರಗೋಡೆಗಳಲ್ಲಿ ನನ್ನ ಪಾಲೂ ಸೇರಿದೆ ಎಂದು ಕಟ್ಟಿದವರು ವಿವರಿಸಿದರು. ಇರಬಹುದು. ಆದರೆ ಆ ವಿವರಣೆಯನ್ನು ನಾನು ಕೇಳಬೇಕಾಗಿದ್ದುದು ಹಣ ಕೊಡುವ ಮುಂಚೆ. ಕೇಳಿದ್ದು ಕೊಟ್ಟ ಮೇಲೆ.

ಈಚೆಗೆ ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು ಮನೆ ನೋಡಲು ನನ್ನನ್ನೂ ಕರೆದುಕೊಂಡು ಹೋದರು. ಅದು ನಗರದ ಹೊರವಲಯದಲ್ಲಿ ಏಳುತ್ತಿದ್ದ ಹೊಸ ಸಮುಚ್ಚಯ. ಮುಂದುಗಡೆ ಮಾದರಿ ಮನೆಯೊಂದನ್ನು ಸಿಂಗರಿಸಿಟ್ಟಿದ್ದರು. ಕೈಗೆ ಹಣ್ಣಿನ ರಸ ಕೊಟ್ಟು ಒಳಗೆ ಕರೆದೊಯ್ದರು. ಎಷ್ಟು ವಿಶಾಲವಾಗಿದೆ ಎಂದು ನಮ್ಮವರೆಲ್ಲ ಬೆರಗಾದರು. ನಾನು ಸ್ವಲ್ಪ ನಿಂತು ನೋಡಿದೆ: ಕೋಣೆಗಳಿಗೆ ಬಾಗಿಲುಗಳೇ ಇರಲಿಲ್ಲ, ಒಂದು ಗೋಡೆಯ ತುಂಬ ಕನ್ನಡಿ, ಮಂಚವೋ, ಐದೂವರೆ ಅಡಿಯ ನಾನೂ ಕಾಲು ಮಡಿಸಿ ಮಲಗಬೇಕಾದಷ್ಟು ಚಿಕ್ಕದು. ಅಲ್ಲಿದ್ದ ಹುಡುಗನನ್ನು, "ಈ ಜಾಗದ ಸರ್ವೆ ನಂಬರು ಯಾವುದಪ್ಪ?" ಎಂದು ಕೇಳಿದೆ. "ಅದೆಲ್ಲ ಲೀಗಲ್ ಟೀಮ್ ನೋಡ್ಕೊಳ್ಳುತ್ತೆ ಸಾರ್. ವಾಸ್ತು ಮಾತ್ರ ಪಕ್ಕಾ" ಎಂದ. ಸಹೋದ್ಯೋಗಿ ನನ್ನ ತೋಳು ಚಿವುಟಿ, "ಇದೇನು ಸಾರ್, ಮದುವೆಮನೆಗೆ ಬಂದು ಹೆಣ್ಣಿನ ತಂದೆಯ ಸಾಲದ ಲೆಕ್ಕ ಕೇಳಿದ ಹಾಗೆ" ಎಂದು ಪಿಸುಗುಟ್ಟಿದರು. ಕೊಳ್ಳುವವನಿಗೆ ಪ್ರಶ್ನೆ ಕೇಳಲು ಸಂಕೋಚ; ಮಾರುವವನಿಗೆ ಉತ್ತರ ಕೊಡದಿರಲು ಸಂಕೋಚವಿಲ್ಲ. ಇದು ನಮ್ಮ ಪರಿಸ್ಥಿತಿ.

ಅಲಂಕಾರ ಪಾಠ ಮಾಡುವ ನಾನು ಆ ದಿನ ಕೊಟ್ಟ ಬಣ್ಣದ ಹಾಳೆಯನ್ನು ಮನೆಗೆ ತಂದು ಕುಳಿತು ಓದಿದೆ. ಉಪಮೆಗೂ ಉತ್ಪ್ರೇಕ್ಷೆಗೂ ಅತಿಶಯೋಕ್ತಿಗೂ ಅಷ್ಟು ಉದಾಹರಣೆಗಳು ಒಂದೇ ಕಡೆ ಸಿಕ್ಕುವುದು ದುರ್ಲಭ. ಸಿಕ್ಕದೆ ಇದ್ದದ್ದು ಅಂಕಿಗಳು. ಇದ್ದ ಒಂದೇ ದೊಡ್ಡ ಅಂಕಿಯ ಪಕ್ಕದಲ್ಲಿ 'ಸೂಪರ್ ಬಿಲ್ಟ್ ಅಪ್' ಎಂಬ ವಿಶೇಷಣ. ವಿಶೇಷಣ ಎಲ್ಲಿ ಕೊಬ್ಬುತ್ತದೆಯೋ ಅಲ್ಲಿ ವಿಶೇಷ್ಯ ಸೊರಗಿರುತ್ತದೆ ಎಂದು ನಾವು ತರಗತಿಯಲ್ಲಿ ಹೇಳುವುದುಂಟು; ಮನೆಯ ವಿಷಯದಲ್ಲಿ ಅದು ಅಕ್ಷರಶಃ ನಿಜ. 2016ರ ರಿಯಲ್ ಎಸ್ಟೇಟ್ ಕಾಯಿದೆ, ಎಂದರೆ ಜನ ರೇರಾ ಎಂದು ಕರೆಯುವ ಕಾನೂನು, ಇದಕ್ಕೊಂದು ಅಳತೆಗೋಲು ಕೊಟ್ಟಿದೆ. ಕಾರ್ಪೆಟ್ ಏರಿಯಾ ಎಂದರೆ ಮನೆಯೊಳಗೆ ನಿಜವಾಗಿ ಬಳಸಬಹುದಾದ ನೆಲ. ಒಳಗಿನ ಅಡ್ಡಗೋಡೆಗಳು ಅದರಲ್ಲಿ ಸೇರುತ್ತವೆ, ಹೊರಗೋಡೆ, ಕೊಳವೆಗಳು ಹಾದುಹೋಗುವ ಕಿಂಡಿ, ಬಾಲ್ಕನಿ, ತೆರೆದ ತಾರಸಿ ಸೇರುವುದಿಲ್ಲ. ಕೊಳ್ಳುವವನು ಕೇಳಬೇಕಾದ ಅಂಕಿ ಇದೊಂದೇ. ಬೆಲೆಯನ್ನು ಇದರಿಂದ ಭಾಗಿಸಿ ನೋಡಿದರೆ ಅಗ್ಗದ ಮನೆ ದುಬಾರಿಯಾಗಿಯೂ, ದುಬಾರಿಯೆಂದು ಬಿಟ್ಟುಬಂದ ಮನೆ ಅಗ್ಗವಾಗಿಯೂ ತೋರಬಹುದು. ಇದರ ಜೊತೆಗೆ ಭೂಮಿಯಲ್ಲಿ ನಿಮ್ಮ ಅವಿಭಕ್ತ ಪಾಲು ಎಷ್ಟು ಎಂಬುದನ್ನೂ ಕೇಳಬೇಕು. ಕಟ್ಟಡ ವರ್ಷದಿಂದ ವರ್ಷಕ್ಕೆ ಹಳತಾಗುತ್ತದೆ. ಮೊಮ್ಮಕ್ಕಳ ಕಾಲಕ್ಕೆ ಉಳಿಯುವುದು ಆ ಮಣ್ಣಿನ ಪಾಲು.

ಇನ್ನು ಹೆಸರಿನ ವಿಷಯ. ಆ ಸಮುಚ್ಚಯಕ್ಕೆ ಯೂರೋಪಿನ ಯಾವುದೋ ಊರಿನ ಹೆಸರಿಟ್ಟಿದ್ದರು. ಭಾಷಾಭಿಮಾನದಿಂದ ನಾನು ಇದನ್ನು ಆಕ್ಷೇಪಿಸುತ್ತಿದ್ದೇನೆಂದು ವಾಚಕರು ತಿಳಿಯಬಾರದು. ಹೊಸ ಹೆಸರು ಹಳೆಯ ಹೆಸರನ್ನು ಮುಚ್ಚುತ್ತದೆ; ಹಳೆಯ ಹೆಸರು ನೆಲದ ಗುಣವನ್ನು ಹೇಳುತ್ತಿರುತ್ತದೆ. ಅರೆಕೆರೆ, ಹೊಸಕೆರೆಹಳ್ಳಿ ಎಂಬಲ್ಲಿ ಕೆರೆ ಇದೆ. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ ಎಂಬಲ್ಲಿನ 'ಸಂದ್ರ' ಸಮುದ್ರ ಶಬ್ದದ ತದ್ಭವ. ದೊಡ್ಡ ಕೆರೆಗೆ ನಮ್ಮವರು ಸಮುದ್ರವೆಂದೇ ಹೆಸರಿಡುತ್ತಿದ್ದರು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಇಂದು ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಬೆಂಗಳೂರಿನ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಪಳಿಯಾಗಿದ್ದವು; ಆ ಸರಪಳಿಯ ಕೊಂಡಿಗಳೇ ರಾಜಕಾಲುವೆಗಳು. ನಾವು ಹೆಸರು ಮರೆತರೂ ನೀರು ತನ್ನ ದಾರಿಯನ್ನು ಮರೆಯುವುದಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಗಳ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದನ್ನು ನಾವೆಲ್ಲ ನೋಡಿದ್ದೇವೆ.

ಆದ್ದರಿಂದ ಕೊಳ್ಳುವವನು ಮೊದಲು ಕೇಳಬೇಕಾದದ್ದು: ಇದು ಯಾವ ಹಳ್ಳಿಯ ಎಲ್ಲೆ, ಯಾವ ಸರ್ವೆ ನಂಬರು? ಆ ನಂಬರು ಹಿಡಿದು ಗ್ರಾಮ ನಕಾಶೆ ತೆಗೆಸಿದರೆ ಕೆರೆ ಎಲ್ಲಿತ್ತು, ಹಳ್ಳ ಎಲ್ಲಿ ಹಾದಿತ್ತು, ಗೋಮಾಳ ಯಾವುದು, ಖರಾಬು ಯಾವುದು ಎಂಬುದು ತಿಳಿಯುತ್ತದೆ. ಇದಕ್ಕಾಗಿ ತಾಲೂಕು ಕಚೇರಿಯ ಮೆಟ್ಟಿಲು ಸವೆಸಬೇಕಾದ ಕಾಲವೂ ಇದಲ್ಲ. ಸರ್ವೆ ಇಲಾಖೆಯ 'ದಿಶಾಂಕ್' ಎಂಬ ಸಲಕರಣೆ ಮೊಬೈಲಿನಲ್ಲಿಯೇ ಇದೆ, ಜಾಗದಲ್ಲಿ ನಿಂತರೆ ಸರ್ವೆ ನಂಬರು ತೋರಿಸುತ್ತದೆ. ದಿಕ್ಕು ನೋಡಲು ಮೊಬೈಲಿನ ದಿಕ್ಸೂಚಿಯನ್ನು ತಿರುಗಿಸಿ ತಿರುಗಿಸಿ ಪರೀಕ್ಷಿಸುವವರು ಇದನ್ನೂ ಒಮ್ಮೆ ತೆರೆದು ನೋಡಬಾರದೆ? ವಾಸ್ತುವಿನಲ್ಲಿ ನಂಬಿಕೆಯುಳ್ಳವರನ್ನು ನಾನು ಹಾಸ್ಯ ಮಾಡುವುದಿಲ್ಲ. ಆದರೆ ಈಶಾನ್ಯದಲ್ಲಿ ನೀರಿರಬೇಕೆಂದು ಹಟ ಹಿಡಿಯುವವರು, ಮಳೆಗಾಲದಲ್ಲಿ ಎಂಟು ದಿಕ್ಕಿನಿಂದಲೂ ನೀರು ಬರುವ ಜಾಗವನ್ನು ಕೊಳ್ಳುವುದು ಯಾವ ಶಾಸ್ತ್ರ?

ಇಷ್ಟು ಹೇಳಿದರೆ ಮೂರು ಉತ್ತರಗಳು ಸಿದ್ಧವಾಗಿರುತ್ತವೆ. ಮೊದಲನೆಯದು, "ಬ್ಯಾಂಕು ಸಾಲ ಕೊಡುತ್ತದೆ, ಎಂದಮೇಲೆ ಕಾಗದಪತ್ರ ಸರಿಯಾಗಿಯೇ ಇರಬೇಕು" ಎಂಬುದು. ಬ್ಯಾಂಕಿನ ವಕೀಲರು ಪರೀಕ್ಷಿಸುವುದು ಬ್ಯಾಂಕಿನ ಹಣ ವಾಪಸು ಬರುತ್ತದೆಯೆ ಎಂಬುದನ್ನು. ನಿಮ್ಮ ಸೂರು ನಿಲ್ಲುತ್ತದೆಯೆ ಎಂಬುದನ್ನಲ್ಲ. ಮನೆ ಬಿದ್ದರೂ ಕಂತು ಬೀಳುವುದಿಲ್ಲ. 2016ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ರಾಜಕಾಲುವೆ ಒತ್ತುವರಿಯೆಂದು ಮನೆಗಳನ್ನು ಕೆಡವಿದಾಗ, ಬೀದಿಗೆ ಬಂದವರಲ್ಲಿ ನಕ್ಷೆಗೆ ಮಂಜೂರಾತಿ ಪಡೆದವರಿದ್ದರು, ಖಾತೆ ಇದ್ದವರಿದ್ದರು, ಬ್ಯಾಂಕಿನ ಸಾಲವಿದ್ದವರಿದ್ದರು. ಅಂದು ಜೆ.ಸಿ.ಬಿ.ಯ ಮುಂದೆ ಕಾಗದ ಹಿಡಿದು ನಿಂತವರ ಮುಖ ನನಗಿನ್ನೂ ನೆನಪಿದೆ. ಮಂಜೂರು ಮಾಡಿದ ಅಧಿಕಾರಿಗಳ ಹೊಣೆ ದೊಡ್ಡದೇ. ಆದರೆ ಹೊಣೆ ಯಾರದೆಂದು ತೀರ್ಮಾನವಾಗುವ ಹೊತ್ತಿಗೆ ಗೋಡೆ ನೆಲಸಮವಾಗಿರುತ್ತದೆ.

ಎರಡನೆಯ ಉತ್ತರ, "ಎಲ್ಲರೂ ಕೊಂಡಿದ್ದಾರಲ್ಲ" ಎಂಬುದು. ನೂರು ಜನ ಓದದೆ ಸಹಿ ಹಾಕಿದರೆ ಪತ್ರ ಸರಿಯಾಗುವುದಿಲ್ಲ. ನೂರು ಜನ ಓದಿಲ್ಲ ಎಂದಷ್ಟೇ ಅರ್ಥ. ಮೂರನೆಯದು, "ವಕೀಲರಿಗೆ ತೋರಿಸಿದ್ದೇವೆ" ಎಂಬುದು. ಯಾವ ವಕೀಲರಿಗೆ ಎಂದು ಕೇಳಿದರೆ, ಕಟ್ಟಿದವರೇ ಗುರುತು ಮಾಡಿಕೊಟ್ಟ ವಕೀಲರಿಗೆ! ಬೆಕ್ಕಿನ ಕೈಯಲ್ಲಿ ಹಾಲಿನ ಲೆಕ್ಕ ಬರೆಸಿದ ಹಾಗಾಯಿತು. ನಿಮ್ಮ ಹಣದಿಂದ ನೀವೇ ನೇಮಿಸಿಕೊಂಡ ವಕೀಲರಿಗೆ ಕೊಡುವ ಹತ್ತೋ ಇಪ್ಪತ್ತೋ ಸಾವಿರ, ಗೃಹಪ್ರವೇಶದ ದಿನದ ಹೂವಿನ ಅಲಂಕಾರಕ್ಕಿಂತ ದುಬಾರಿಯೇನಲ್ಲ.

ಓದಬೇಕಾದದ್ದು ಏನೇನು? ಭೂಮಿ ಯಾರಿಂದ ಯಾರಿಗೆ ಬಂತೆಂಬ ಮೂಲಪತ್ರಗಳು. ಅದರ ಮೇಲೆ ಸಾಲ, ಅಡಮಾನ ಇದೆಯೆ ಎಂದು ತಿಳಿಸುವ ಋಣಭಾರ ಪತ್ರ, ನಾವು ಇ.ಸಿ. ಎನ್ನುವುದು, ಹೊಲವಾಗಿದ್ದ ನೆಲವನ್ನು ವಸತಿಗೆ ಬಿಟ್ಟುಕೊಟ್ಟ ಭೂಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ. ಈ ನಕ್ಷೆಯನ್ನು ಕೈಯಲ್ಲಿ ಹಿಡಿದು ಕಟ್ಟಡದ ಮುಂದೆ ನಿಂತು ಅಂತಸ್ತುಗಳನ್ನು ಎಣಿಸಬೇಕು. ಕಾಗದದಲ್ಲಿ ನಾಲ್ಕು, ಕಣ್ಣಿಗೆ ಐದು ಎಂದಾದರೆ ಐದನೆಯದನ್ನು ಕೊಳ್ಳುವವನು ಗಾಳಿಯಲ್ಲಿ ವಾಸಿಸುತ್ತಾನೆ. ಉಳಿದ ನಾಲ್ಕರವರೂ ಕ್ಷೇಮವಾಗಿರುವುದಿಲ್ಲ. ಎಲ್ಲಕ್ಕಿಂತ ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಓ.ಸಿ. ಎಂದು ಜನ ಕರೆಯುವ ವಾಸಯೋಗ್ಯ ಪ್ರಮಾಣಪತ್ರ. ಕಟ್ಟಡ ನಕ್ಷೆಯಂತೆ ಮುಗಿದಿದೆ, ಇಲ್ಲಿ ಮನುಷ್ಯರು ವಾಸಿಸಬಹುದು ಎಂದು ಪಾಲಿಕೆ ಕೊಡುವ ಒಪ್ಪಿಗೆ ಅದು. "ಆಮೇಲೆ ಬರುತ್ತೆ ಸಾರ್" ಎಂಬ ಮಾತನ್ನು ನಂಬಿ ನಾನು ಸಂಸಾರ ಹೂಡಿದೆ. ನಮ್ಮ ಕಟ್ಟಡಕ್ಕೆ ಅದು ಇಂದಿಗೂ ಬಂದಿಲ್ಲ. ಆ ಪತ್ರವಿಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ತಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2025ರಲ್ಲಿ ನಮ್ಮ ರಾಜ್ಯದಲ್ಲಿಯೇ ಹೊಸ ಮನೆ ಮಾಡಿಕೊಂಡ ಎಷ್ಟೋ ಮಂದಿ ಮೀಟರಿಗಾಗಿ ಅಲೆದದ್ದನ್ನು ಪತ್ರಿಕೆಗಳಲ್ಲಿ ಓದಿದೆವು.

ಕಾಗದ ಓದಿದ ಮೇಲೆ ಮನೆಯನ್ನೂ ಓದಬೇಕು. ಭಾನುವಾರದ ಬಿಸಿಲಿನಲ್ಲಿ ಅಲ್ಲ, ಒಂದು ದೊಡ್ಡ ಮಳೆ ಬಿದ್ದ ಮರುದಿನ ಹೋಗಬೇಕು. ನೆಲಮಾಳಿಗೆಯಲ್ಲಿ ನೀರು ನಿಂತಿದೆಯೆ, ಕಿಟಕಿಯ ಮೂಲೆಯಲ್ಲಿ ತೇವವಿದೆಯೆ, ಗೋಡೆಯ ಮೇಲೆ ಬಿಳಿಯ ಉಪ್ಪು ಅರಳಿದೆಯೆ ಎಂದು ನೋಡಬೇಕು. ಬಚ್ಚಲಿಗೆ ಒಂದು ಬಿಂದಿಗೆ ನೀರು ಸುರಿದು ಅದು ಮೋರಿಯ ಕಡೆಗೆ ಹೋಗುತ್ತದೆಯೋ ಬಾಗಿಲ ಕಡೆಗೆ ಬರುತ್ತದೆಯೋ ಪರೀಕ್ಷಿಸಬೇಕು. ನೆಲದ ಕಲ್ಲುಗಳನ್ನು ನಾಣ್ಯದಿಂದ ತಟ್ಟಿದರೆ ಟೊಳ್ಳು ಎಲ್ಲಿದೆ ಎಂಬುದನ್ನು ಅವೇ ಹೇಳುತ್ತವೆ. ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ, ಬಂದ ಉತ್ತರವನ್ನು ಕಾವಲುಗಾರನ ಹತ್ತಿರ ಇನ್ನೊಮ್ಮೆ ಕೇಳಬೇಕು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಈಜುಕೊಳವಿದ್ದ ಸಮುಚ್ಚಯಗಳ ಜನ ಟ್ಯಾಂಕರಿಗಾಗಿ ಬಕೆಟ್ಟು ಹಿಡಿದು ಕಾದರು. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಯಿತು, ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ, ಸಂತೋಷವೇ. ಆದರೆ ಕಾವೇರಿ ನಗರಕ್ಕೆ ಬಂದಳೆಂದರೆ ನಿಮ್ಮ ನಲ್ಲಿಗೂ ಬಂದಳೆಂದು ಅರ್ಥವಲ್ಲ. ಸಂಪರ್ಕ ಮಂಜೂರಾದ ಕಾಗದ ಎಲ್ಲಿ ಎಂದು ಕೇಳಬೇಕು.

ನಮ್ಮ ಪಕ್ಷದಲ್ಲಿ ಕಾನೂನು ಇಲ್ಲವೆಂದು ಕೊರಗುವವರಿಗೂ ಇಲ್ಲೇ ಹೇಳಬೇಕು: ಕಾನೂನು ಇದೆ, ಓದಿದವರಿಲ್ಲ. ನೋಂದಾಯಿತ ಕರಾರುಪತ್ರವಾಗದೆ ಬೆಲೆಯ ಶೇಕಡಾ ಹತ್ತಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲವೆಂದು ರೇರಾ ಹೇಳುತ್ತದೆ. ಜಾಹೀರಾತನ್ನೋ ಮಾದರಿ ಮನೆಯನ್ನೋ ನಂಬಿ ಮುಂಗಡ ಕೊಟ್ಟವನಿಗೆ ಅದು ಸುಳ್ಳಾಗಿ ನಷ್ಟವಾದರೆ ಪರಿಹಾರ ಕೊಡಬೇಕೆನ್ನುತ್ತದೆ. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿಯೋ ಕೆಲಸದ ಗುಣದಲ್ಲಿಯೋ ದೋಷ ಕಂಡರೆ, ತಿಳಿಸಿದ 30 ದಿನದೊಳಗೆ ಉಚಿತವಾಗಿ ಸರಿಪಡಿಸಬೇಕೆನ್ನುತ್ತದೆ. ಕೊಳ್ಳುವವರಿಂದ ಬಂದ ಹಣದಲ್ಲಿ ಶೇಕಡಾ 70ನ್ನು ಆ ಕಟ್ಟಡಕ್ಕೆಂದೇ ಬೇರೆ ಖಾತೆಯಲ್ಲಿ ಇಡಬೇಕೆನ್ನುತ್ತದೆ. ಈ ಕಾಯಿದೆ 2017ರ ಮೇ ತಿಂಗಳಿಂದ ಪೂರ್ಣವಾಗಿ ಜಾರಿಯಲ್ಲಿದೆ. ನನ್ನ ಪರಿಚಿತರಲ್ಲಿ ಆಮೇಲೆ ಮನೆ ಕೊಂಡ ಹಲವರನ್ನು ಕೇಳಿದೆ. ಐದು ವರ್ಷದ ಮಾತು ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬರು ಸೋರುವ ಗೋಡೆಗೆ ತಾವೇ ಎರಡು ಸಲ ಬಣ್ಣ ಬಳಿಸಿ ಮುಚ್ಚಿದ್ದರು.

ಓದದಿರುವುದಕ್ಕೆ ಒಂದು ನ್ಯಾಯವಾದ ಕಾರಣವಿದೆ, ಅದನ್ನೂ ಹೇಳದೆ ಬಿಡಬಾರದು. ಫ್ಲ್ಯಾಟುಗಳ ಕರಾರುಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ; ಅದೂ ಇಂಗ್ಲಿಷು ಬಲ್ಲವರಿಗೂ ಉಸಿರು ಕಟ್ಟುವ ಇಂಗ್ಲಿಷು. ನಮ್ಮ ಹಳೆಯ ತಾಮ್ರಶಾಸನಗಳನ್ನು ನೋಡಿ. ಎಷ್ಟೋ ಶಾಸನಗಳಲ್ಲಿ ರಾಜನ ಹೊಗಳಿಕೆ ಸಂಸ್ಕೃತದಲ್ಲಿದೆ. ಆದರೆ ದಾನ ಕೊಟ್ಟ ಭೂಮಿಯ ಎಲ್ಲೆ ಹೇಳುವಲ್ಲಿಗೆ ಬಂದ ಕೂಡಲೆ ಭಾಷೆ ಕನ್ನಡಕ್ಕೆ ತಿರುಗುತ್ತದೆ. ಮೂಡಲಿಗೆ ಈ ಮರ, ತೆಂಕಲಿಗೆ ಈ ಕಲ್ಲು, ಪಡುವಲಿಗೆ ಈ ಕೆರೆಯ ಏರಿ, ಹೀಗೆ. ಹೊಗಳಿಕೆ ಯಾವ ಭಾಷೆಯಲ್ಲಿದ್ದರೂ ನಷ್ಟವಿಲ್ಲ, ಹಕ್ಕು ಮಾತ್ರ ಆ ನೆಲದ ಜನ ಓದಬಲ್ಲ ಮಾತಿನಲ್ಲಿರಬೇಕು ಎಂಬ ವಿವೇಕ ಅವರಿಗಿತ್ತು. ಸಾವಿರ ವರ್ಷದ ಮೇಲೆ ನಾವು ಆ ವಿವೇಕವನ್ನು ಕಳೆದುಕೊಂಡಿದ್ದೇವೆ. ಕರ್ನಾಟಕದಲ್ಲಿ ಮಾರುವ ಪ್ರತಿಯೊಂದು ಹೊಸ ಮನೆಯ ಕರಾರುಪತ್ರದ ಕನ್ನಡ ಪ್ರತಿಯನ್ನೂ ಕೊಳ್ಳುವವನಿಗೆ ಕೊಡಬೇಕೆಂದು ಸರ್ಕಾರ ಕಡ್ಡಾಯ ಮಾಡಲಿ. ನಾಮಫಲಕದ ಕನ್ನಡಕ್ಕಾಗಿ ಹೋರಾಡುವ ನಮ್ಮವರು ಕರಾರುಪತ್ರದ ಕನ್ನಡಕ್ಕಾಗಿಯೂ ಒಮ್ಮೆ ಬೀದಿಗಿಳಿಯಲಿ. ಫಲಕ ಓದದಿದ್ದರೆ ಅಂಗಡಿ ತಪ್ಪೀತು. ಪತ್ರ ಓದದಿದ್ದರೆ ಮನೆಯೇ ತಪ್ಪೀತು.

ಕನ್ನಡ ಕಲಿಸುವ ನಮ್ಮ ಮೇಲೂ ತಪ್ಪಿದೆ. ಹದಿನೈದು ವರ್ಷ ಭಾಷೆ ಕಲಿತು ಹೊರಬಂದ ಹುಡುಗನಿಗೆ ಷಟ್ಪದಿಯ ಲಕ್ಷಣ ಗೊತ್ತು, ಕ್ರಯಪತ್ರದ ಲಕ್ಷಣ ಗೊತ್ತಿಲ್ಲ. ಷಟ್ಪದಿ ಬೇಡವೆಂದು ನಾನು ಹೇಳಲಾರೆ. ಅದರಿಂದಲೇ ನನ್ನ ಅನ್ನ. ಆದರೆ ಪದವಿ ತರಗತಿಯ ಭಾಷಾಪಠ್ಯದಲ್ಲಿ ಒಂದು ಕ್ರಯಪತ್ರ, ಒಂದು ಬಾಡಿಗೆ ಕರಾರು, ಒಂದು ಸಾಲಪತ್ರ ಪಾಠವಾಗಿ ಬಂದರೆ ಸಾಹಿತ್ಯಕ್ಕೆ ಕುಂದೇನೂ ಬಾರದು.

ತೋಳು ಚಿವುಟಿದ ಆ ಸಹೋದ್ಯೋಗಿ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದರು. ಆಮೇಲೆ ಒಂದು ಮಧ್ಯಾಹ್ನ ಕರಾರುಪತ್ರದ ಕರಡನ್ನು ಚೀಲದಲ್ಲಿ ಹಾಕಿಕೊಂಡು ಅಧ್ಯಾಪಕರ ಕೊಠಡಿಗೆ ಬಂದರು. ಅರವತ್ತೆಂಟು ಪುಟ. ಇಂಗ್ಲಿಷ್ ವಿಭಾಗದವರೊಬ್ಬರು, ವಾಣಿಜ್ಯ ವಿಭಾಗದವರೊಬ್ಬರು, ನಾನು, ಹೀಗೆ ನಾಲ್ಕು ದಿನ ಬುತ್ತಿ ಬಿಚ್ಚಿಕೊಂಡು ಸಾಲು ಸಾಲಾಗಿ ಓದಿದೆವು. ನಲವತ್ತೊಂದನೆಯ ಪುಟದಲ್ಲಿ, ಕಟ್ಟುವವರು ಕೊಳ್ಳುವವರನ್ನು ಕೇಳದೆ ನಕ್ಷೆ ಬದಲಿಸಬಹುದೆಂದಿತ್ತು. ಮನೆ ಹಿಡಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಬರಹದಲ್ಲಿ ಒಪ್ಪದೆ ಹಾಗೆ ಮಾಡುವಂತಿಲ್ಲವೆಂದು ಕಾಯಿದೆ ಹೇಳುತ್ತದೆ. ಐವತ್ತಮೂರನೆಯ ಪುಟದಲ್ಲಿ ತಾರಸಿಯ ಹಕ್ಕನ್ನು ಅವರೇ ಇಟ್ಟುಕೊಂಡಿದ್ದರು. ಕಾಯಿದೆ ತಾರಸಿಯನ್ನು ಎಲ್ಲರಿಗೂ ಸೇರಿದ ಜಾಗವೆನ್ನುತ್ತದೆ. ಎರಡನ್ನೂ ಗುರುತು ಮಾಡಿ ಪತ್ರ ಬರೆದರು. ನಕ್ಷೆಯ ಮಾತನ್ನು ವಾರದೊಳಗೆ ಹೊಡೆದುಹಾಕಿ ಕಳಿಸಿದರು. ತಾರಸಿಯ ವಿಷಯದಲ್ಲಿ ಇನ್ನೂ ಉತ್ತರ ಬಂದಿಲ್ಲ. ಉತ್ತರ ಬರುವವರೆಗೆ ಸಹೋದ್ಯೋಗಿ ಚೆಕ್ಕು ಬರೆದಿಲ್ಲ.

ಅದೇ ಕಟ್ಟಡದಲ್ಲಿ ಮನೆ ಹಿಡಿದ ಇನ್ನೂ ಹನ್ನೊಂದು ಮಂದಿ ಈಗ ಆ ಎರಡು ಪುಟಗಳ ನಕಲು ಕೇಳಿ ಪಡೆದಿದ್ದಾರಂತೆ. ಅವರೆಲ್ಲರೂ ಓದು ಬಲ್ಲವರೇ. ಓದಬೇಕಾದದ್ದು ಏನೆಂದು ಯಾರೂ ಹೇಳಿರಲಿಲ್ಲ, ಅಷ್ಟೆ.